ಹುಡುಕುವ ಡಬ್ಬಿಯ ಸೌದಾ

ನಮ್ಮ ಕಾಕನ ಮೊಳಕಾಲು ಹೋದದ್ದು ಹುಮನಾಬಾದಿನ ದನದ ಬಜಾರಿನಲ್ಲಿ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಒಂದು ದೇವಣಿ ತಳಿಯ ಹೋರಿ ಹಗ್ಗ ಕಿತ್ತುಕೊಂಡು ಮಂದಿಯ ಮಧ್ಯೆ ನುಗ್ಗಿತು, ಕಾಕಾ ಅಡ್ಡ ಹೋದ, ಬಿದ್ದ. ಈ ಕಥೆ ಕೇಳಿದಾಗಲೆಲ್ಲ ಕಾಕು, ಅಂದರೆ ಕಾಕನ ಹೆಂಡತಿ, ನನ್ನ ಚಿಕ್ಕಮ್ಮ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಅವಳ ಪ್ರಕಾರ ಆತ ಬಿದ್ದದ್ದು ಬಚ್ಚಲಲ್ಲಿ, ಸೋಪಿನ ಮೇಲೆ ಕಾಲಿಟ್ಟು. ಹೋರಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಆದರೂ ಈ ಬರಹದ ಮಟ್ಟಿಗೆ ಬಚ್ಚಲೇ ಇರಲಿ.

ಹೇಗೆ ಬಿದ್ದರೇನು, ಕಾಕಾ ಬಜಾರಿಗೆ ಹೋಗುವುದು ನಿಂತಿತು. ಆತ ಎತ್ತಿನ ದಲಾಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಸೌದಾ ಕೂಡಿಸುವುದು ಆತನ ಕೆಲಸ. ಅದು ನಿಂತು ಮಾಡುವ ಕೆಲಸ. ಬಿಸಿಲಲ್ಲಿ ನಿಂತು, ಎತ್ತಿನ ಹಿಂದೆ ನಡೆದು, ಅದರ ಕಾಲಬಳಿ ಕೂತು ಎದ್ದು ಮಾಡುವ ಕೆಲಸ. ಮೊಳಕಾಲಿಲ್ಲದೆ ಇದು ಆಗುವುದಿಲ್ಲ. ಡಾಕ್ಟರು ಮಂಚ ತೋರಿಸಿದರು. ಕಾಕಾ ಮಂಚದ ಮೇಲೆ ಕೂತ. ಆದರೆ ದಲಾಲಿ ಕೂರಲಿಲ್ಲ.

ಕಾಕು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ನಾನು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಫೋನಿಗೆ ಫೋನ್ ಮಾಡಿದಳು.

"ತಮ್ಮಾ, ನಿಮ್ಮ ಕಾಕಾಗ ಏನರ ಕೆಲಸ ಹಚ್ಚಪಾ. ದಿನಾ ಬಾಗಲಿಗಿ ಬರೋ ತರಕಾರಿಯಾಕಿ ಜೋಡಿ ನಾ ಬದನಿಕಾಯಿ ಭಾವ ಮಾತಾಡ್ತಿದ್ರ, ನಡುವ ಬಂದು ಸೌದಾ ಮಾಡಾಕತ್ತಾರ."

"ಛಲೋ ಆತಲ್ಲ ಕಾಕು, ನಿಮಗ ಕಡಿಮಿ ಮಾಡಿಸಿ ಕೊಡ್ತಾರ."

"ಎಲ್ಲಿ ಕಡಿಮಿ! ಆಕಿ ಕಡೆ ಮಾತಾಡ್ತಾರ! ಮಾರೋರ ಕಡೆ ಇರೋದು ರೂಢಿ ಅಂತ. ನಿನ್ನೆ ಆಕಿ ಕಡೆಯಿಂದ ಎರಡ ನಿಂಬಿಹಣ್ಣು ದಲಾಲಿ ಇಸ್ಕೊಂಡಾರ. ಹಿಂಗ ಆದ್ರ ನಾ ಮುಡಬಿಗೆ ಹೋಗಿ ತವರಮನ್ಯಾಗ ಕುಂದರ್ತೀನಿ ನೋಡು."

ಅವು ಮೊಬೈಲುಗಳು ಬಂದಿದ್ದ, ಆದರೆ ಸೈಬರ್ ಕೆಫೆಗಳು ಇನ್ನೂ ಸತ್ತಿರದ ವರ್ಷಗಳು. ಎರಡೂ ಊರಿನಲ್ಲಿ ವೆಬ್‌ಸೈಟಿನ ಹುಚ್ಚು ಹತ್ತಿತ್ತು. ಬೀಜ-ಗೊಬ್ಬರದ ಅಂಗಡಿಗೆ ವೆಬ್‌ಸೈಟು, ಮಾಣಿಕನಗರದ ಲಾಡ್ಜಿಗೆ ವೆಬ್‌ಸೈಟು, ಮದುವೆ ಮಂಟಪಕ್ಕೆ ವೆಬ್‌ಸೈಟು. ಯಾರೂ ನೋಡುತ್ತಿರಲಿಲ್ಲ, ಆದರೆ ವಿಸಿಟಿಂಗ್ ಕಾರ್ಡಿನ ಕೆಳಗಿನ ಸಾಲಿನಲ್ಲಿ ಅದೊಂದು ಇದ್ದರೆ ಕಾರ್ಡು ಕೊಡುವ ಕೈ ತುಸು ಮುಂದೆ ಬರುತ್ತಿತ್ತು. ಇವುಗಳಲ್ಲಿ ಹಲವನ್ನು ಮಾಡಿಕೊಟ್ಟವನು ನಾನೇ. ಕಾಕನಿಗೂ ಒಂದು ಮಾಡಿಕೊಟ್ಟೆ. ಹಳೆಯ ಕಂಪ್ಯೂಟರೊಂದನ್ನು ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಹುಮನಾಬಾದಿಗೆ ಒಯ್ದು, ಆತನ ಪಡಸಾಲೆಯಲ್ಲಿ ಮಂಚದ ಎದುರು ಇಟ್ಟು, ಮನೆಯ ಫೋನಿನ ತಂತಿಗೆ ಕಟ್ಟಿದೆ. ಒಂದು ಎತ್ತಿಗೆ ಒಂದು ಪುಟ: ಫೋಟೋ, ಬಣ್ಣ, ಕೊಂಬು, ವಯಸ್ಸು ಹೇಳುವ ಹಲ್ಲು, ನಡಿಗೆ. ಎತ್ತು ಯಾರದು, ಯಾವ ಊರಿನದು ಎಂಬುದು ಮಾತ್ರ ಇಲ್ಲ. ಮುಂಗಡ ಕೈಗೆ ಬರುವ ತನಕ ದಲಾಲಿ ಅದನ್ನು ಹೇಳುವುದಿಲ್ಲ. ಹೇಳಿದರೆ ಕೊಳ್ಳುವವನು ಸೀದಾ ಅಲ್ಲಿಗೇ ಹೋಗುತ್ತಾನಲ್ಲ.

ಸೈಟು ನಡೆಯಿತು. ಅಂದರೆ ಇಂಟರ್‌ನೆಟ್ಟಿನಲ್ಲಿ ನಡೆಯಿತೆಂದಲ್ಲ, ಪಡಸಾಲೆಯಲ್ಲಿ. ಸುತ್ತಲಿನ ಹಳ್ಳಿಯ ರೈತರು ಕಾಕನ ಮೊಳಕಾಲು ನೋಡಲು ಬಂದವರು ಎತ್ತು ನೋಡಿಕೊಂಡು ಹೋಗತೊಡಗಿದರು. ಪುಟಗಳು ಬೆಳೆದವು. ಬೆಳೆಯಲು ಇನ್ನೊಂದು ಕಾರಣವಿತ್ತು.

"ಕಾಕಾ, ಮಾರಿದ ಎತ್ತು ಸೈಟಿನಿಂದ ತಗೀಬೇಕ್ರಿ" ಎಂದೆ.

"ಯಾಕ ತಗೀಬೇಕು? ಅವ ನಮ್ಮ ಅಬ್ರೂ, ನಮ್ಮ ಮರ್ಯಾದಿ. ಡಾಕ್ಟರ ಗ್ವಾಡಿಗಿ ಸರ್ಟಿಫಿಕೇಟ್ ಹಚ್ಚಿರ್ತಾನಲ್ಲ, ಹಂಗ ಇವು."

ಹೀಗೆ ಮಾರಿದವು, ಮಾರದವು, ಯಾವಾಗಲೋ ಸತ್ತು ಹಳೆಯ ಫೋಟೋದಲ್ಲಷ್ಟೇ ಉಳಿದವು ಎಲ್ಲ ಒಂದೇ ದಾವಣಿಯಲ್ಲಿ ನಿಂತವು. ಬೇಕಾದ್ದು ಸಿಗದಾಯಿತು. ಆಗ ನಾನು ಸೈಟಿಗೆ ಹುಡುಕುವ ಡಬ್ಬಿ ಕೂರಿಸಿದೆ. ಬೇರೆ ಕಂಪನಿಯೊಂದು ಅದನ್ನು ಪುಕ್ಕಟೆ ಕೊಡುತ್ತಿತ್ತು. ಡಬ್ಬಿಯಲ್ಲಿ ಎರಡು ಶಬ್ದ ಬರೆದು ಒತ್ತಿದರೆ ನಮ್ಮ ಪುಟಗಳನ್ನೆಲ್ಲ ಜಾಲಾಡಿ ತಂದಿಡುತ್ತಿತ್ತು. ಕಾಕಾ ಮೊದಲ ಸಲ ಒತ್ತಿದ. ಬಿಳಿ ಎತ್ತುಗಳು ಸಾಲಾಗಿ ಬಂದವು. ಅವುಗಳ ಬಲಕ್ಕೆ, ಬಣ್ಣದ ಚೌಕಟ್ಟಿನಲ್ಲಿ, ಒಂದು ಕೆಂಪು ಟ್ರ್ಯಾಕ್ಟರು.

"ಇದ ಯಾರದು?"

"ಜಾಹೀರಾತು, ಕಾಕಾ. ಡಬ್ಬಿ ಮುಫತ್ ಕೊಟ್ಟಾರಲ್ಲ, ಅದಕ್ಕ ಹಾಕ್ತಾರ."

"ನನ್ನ ಅಂಗಳದಾಗ, ನನ್ನ ಎತ್ತಿನ ಬಗಲ್ಯಾಗ, ಟ್ರ್ಯಾಕ್ಟರ್ ತಂದು ನಿಲ್ಲಸ್ಯಾನ! ರೊಕ್ಕ ಕೊಡ್ತಾನೇನು ಅಂವ?"

"ಕೊಡ್ತಾನ್ರಿ. ಡಬ್ಬಿ ಕಂಪನಿಗಿ."

"ನನಗ?"

"ನಿಮಗಿಲ್ಲ."

"ಇದನ್ನ ತಗಿ ಅಂದ್ರ?"

"ನೀವೂ ಕಂಪನಿಗಿ ರೊಕ್ಕ ಕೊಡಬೇಕು. ಆವಾಗ ತಗೀತಾರ."

ಕಾಕನ ಮುಖದ ಮೇಲೆ ಬಂದದ್ದು ಸಿಟ್ಟಲ್ಲ, ಗೌರವ. "ಟ್ರ್ಯಾಕ್ಟರಿನವನ ಕಡೆನೂ ತಗೋತಾನ, ನನ್ನ ಕಡೆನೂ ತಗೋತಾನ. ತಾ ಎಲ್ಲೂ ಕಾಣೂದಿಲ್ಲ. ಭಾರಿ ದಲಾಲಿ ಇದ್ದಾನ ಅಂವ."

ಆದರೂ ಟ್ರ್ಯಾಕ್ಟರು ಹೋಗಬೇಕಿತ್ತು. ಬಂದ ರೈತರು ಎತ್ತು ಬಿಟ್ಟು ಅದನ್ನೇ ನೋಡುತ್ತಿದ್ದರು. ಕಾಕಾ ಸ್ಪಷ್ಟವಾಗಿ ಹೇಳಿದ: "ಅದು ಇಲ್ಲೇ ನಿಲ್ಲೂದಿದ್ರ ನಿನ್ನ ಮಿಷನ್ ತಗೊಂಡು ಹೋಗು. ನಾ ದಲಾಲಿ ಬಿಡ್ತೀನಿ. ಸಾಕು."

ಒಳಗಿನಿಂದ ಕಾಕು ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ಅಷ್ಟೆ. ತರಕಾರಿಯವಳು ಬರುವ ಹೊತ್ತಾಗಿತ್ತು.

ರೊಕ್ಕ ಕೊಟ್ಟು ತೆಗೆದುಕೊಳ್ಳುವ ಡಬ್ಬಿಗಳಿಗಾಗಿ ನಾನು ಬಸವಕಲ್ಯಾಣದಲ್ಲಿ ಕೂತು ಹುಡುಕಿದೆ. ಹುಡುಕುವ ಡಬ್ಬಿಯನ್ನು ಹುಡುಕುವುದಕ್ಕೂ ಒಂದು ಹುಡುಕುವ ಡಬ್ಬಿಯೇ ಬೇಕಾಯಿತು ಎಂಬ ಮಾತನ್ನು ಇಲ್ಲಿ ವಿಸ್ತರಿಸಿ ಬರೆದಿದ್ದೆ. ಓದಿ ನೋಡಿದರೆ ಬಹಳ ಜಾಣತನದ್ದಾಗಿ ಕಂಡಿತು, ಹೊಡೆದುಹಾಕಿದೆ. ಕೊನೆಗೆ ಉಳಿದವು ಎರಡು ಕಂಪನಿ. ಒಂದು ಪರದೇಶದ್ದು. ಎರಡನೆಯದರ ಕಚೇರಿ ಹೈದರಾಬಾದಿನಲ್ಲಿತ್ತು, ಅದರ ಏಜೆಂಟ್ ಗುಲ್ಬರ್ಗಾದಲ್ಲಿ. ಎರಡರಲ್ಲೂ ಜಾಹೀರಾತು ಇಲ್ಲ. ಎರಡರಲ್ಲೂ ಸಣ್ಣ ಚಂದಾ, ದೊಡ್ಡ ಚಂದಾ ಎಂದು ಎರಡು ಬಗೆ: ಸಣ್ಣದಕ್ಕೆ ಕೆಲವೇ ಪುಟ ಹುಡುಕುತ್ತದೆ, ದೊಡ್ಡದಕ್ಕೆ ಎಷ್ಟಿದ್ದರೂ ಹುಡುಕುತ್ತದೆ. ಎರಡನ್ನೂ ಕೆಲವು ದಿನ ಪುಕ್ಕಟೆ ಬಳಸಿ ನೋಡಬಹುದು.

ನಾನು ಎರಡರ ವಿವರಗಳನ್ನೂ ಅಚ್ಚುಹಾಕಿಕೊಂಡು ಹೋಗಿ ಓದಿ ಹೇಳತೊಡಗಿದೆ. ಯಾವುದು ವಾರಕ್ಕೊಮ್ಮೆ ಪುಟಗಳನ್ನು ಓದಿಕೊಳ್ಳುತ್ತದೆ, ಯಾವುದು ದಿನವೂ ಓದಿಕೊಳ್ಳುತ್ತದೆ ಎನ್ನುವಲ್ಲಿಗೆ ಬಂದಾಗ ಕಾಕಾ ಕೈ ಎತ್ತಿದ.

"ತಮ್ಮಾ, ಎತ್ತು ಓದಿ ತಗೋತಾರೇನು? ಹೂಡಿ ತಗೋತಾರ. ಎರಡೂ ಹೂಡು."

"ಒಂದ ಆದ ಮ್ಯಾಲ ಇನ್ನೊಂದು ಹಚ್ತೀನ್ರಿ."

"ಯಾಕ? ಕೂಡೇ ಹೂಡು."

"ಒಂದ ಸೈಟಿಗಿ ಎರಡ ಡಬ್ಬಿ ಯಾರೂ ಹಾಕೂದಿಲ್ಲ, ಕಾಕಾ."

"ಒಂಟಿ ಎತ್ತಿನಿಂದ ಯಾರ ಹೊಲ ಹೂಡ್ಯಾರ ಹೇಳು? ಜೋಡಿ ನಡದಾಗನೇ ಯಾವುದು ಎಳೀತದ, ಯಾವುದು ಮೈಗಳ್ಳ ಅಂತ ತಿಳೀತದ."

ಪುಟದ ನೆತ್ತಿಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಡಬ್ಬಿ ಕೂರಿಸಿದೆ. ಪರದೇಶದ್ದು ಎಡಗೋಲಿಗೆ, ಅಂದರೆ ನೊಗದ ಎಡಬದಿಗೆ; ಹೈದರಾಬಾದಿನದು ಬಲಗೋಲಿಗೆ. ನನಗೆ ತಿಳಿದ ಮಟ್ಟಿಗೆ ಪ್ರಪಂಚದಲ್ಲಿ ಎರಡು ಹುಡುಕುವ ಡಬ್ಬಿಗಳನ್ನು ನೊಗಕ್ಕೆ ಕಟ್ಟಿದ ಸೈಟು ಅದೊಂದೇ. ಆದರೆ ನನಗೆ ತಿಳಿದ ಮಟ್ಟ ದೊಡ್ಡದೇನಲ್ಲ.

ಮೊದಲು ಹೂಡಿ ನೋಡಿದವನು ನಿರ್ಣಾ ಎಂಬ ಹಳ್ಳಿಯ ಒಬ್ಬ ರೈತ. ನಡುವಯಸ್ಸಿನವನು, ಎದುರು ಮಾತಿನವನು, ತಲೆಗೆ ಟೊಪ್ಪಿಗೆ. ಟೊಪ್ಪಿಗೆ ನಾನು ಇಟ್ಟದ್ದೂ ಇರಬಹುದು. ಬಿಳಿ ಎತ್ತು, ನೆಟ್ಟಗಿನ ಕೊಂಬು, ಆರು ಹಲ್ಲು ಬೇಕೆಂದ. ನಾನು ಎರಡೂ ಡಬ್ಬಿಯಲ್ಲಿ ಅದನ್ನೇ ಬರೆದೆ. ಎಡಗಡೆಯದು ತಟ್ಟನೆ ಮೂರು ಎತ್ತು ತಂದು ನಿಲ್ಲಿಸಿತು. ಬಲಗಡೆಯದು ನಿಂತೇಬಿಟ್ಟಿತು. ಫೋನಿನ ತಂತಿ ಗೊರಗೊರ ಎನ್ನುತ್ತಿತ್ತು.

"ಬಲಗೋಲಿನದು ಎಳಿವಲ್ದಲ್ರೀ ದಲಾಲ್ರ" ಎಂದ ರೈತ.

"ತಡೀರಿ. ತಡಾ ಮಾಡಿ ಕಾಲ ಎತ್ತೂವು ಭಾರ ಹೊರ್ತಾವ."

ಕೊನೆಗೆ ಬಲಗಡೆ ಒಂದೇ ಒಂದು ಎತ್ತು ಬಂತು. ಹಾಲಿನಂಥ ಮೈ, ಬೆನ್ನ ಮೇಲೆ ಗುಡಿಯ ಗೋಪುರದಂಥ ಹಿಣಿಲು. ರೈತ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಸರಿದ.

"ಇದಾ! ಇದಾ ಬೇಕು ನನಗ. ಮಾರಾಟಕ್ಕ ಅದೇನ್ರಿ ಇದು?"

ಕಾಕಾ ಗಂಟಲು ಸರಿಮಾಡಿಕೊಂಡ. "ಇದ್ದಂಗ ಅದಾ."

"ಇದ್ದಂಗ ಅಂದ್ರ?"

"ಮಾತಾಡಿ ನೋಡಬೇಕು."

"ಯಾರ ಜೋಡಿ ಮಾತಾಡ್ತೀರಿ?" ಒಳಗಿನಿಂದ ಕಾಕುವಿನ ದನಿ ಬಂತು. "ಬಾಲದಾಗ ಕರೀ ಗೊಂಡೆ ಇದ್ದಿದ್ದಲ್ಲಾ? ಅದು ಸತ್ತು ನಾಕ ಪಂಚಮಿ ಆದವು!"

ರೈತ ಕಾಕನ ಕಡೆ ತಿರುಗಿದ. "ಮತ್ತ ಇದ್ಯಾಕ ತೋರಸ್ತದ?"

"ಡಬ್ಬಿ ಹಳೇರನ್ನ ಮರಿಯೂದಿಲ್ಲ" ಎಂದ ಕಾಕಾ, ಏನೂ ಆಗಿಲ್ಲವೆಂಬಂತೆ. "ಮನುಷ್ಯಾರು ಮರೀತಾರ."

ಇದನ್ನು ಬರೆಯುವಾಗ ನನಗನ್ನಿಸುತ್ತದೆ, ನನ್ನ ನೆನಪೂ ಆ ಬಲಗಡೆಯ ಡಬ್ಬಿಯಂಥದೇ. ತಡವಾಗಿ ಬರುತ್ತದೆ, ಒಂದನ್ನೇ ತರುತ್ತದೆ, ತಂದದ್ದು ಚೆಂದ ಇರುತ್ತದೆ, ಇದೆಯೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಆ ದಿನ ಆ ಇಬ್ಬರೂ ಮಾಡಿದ ವಾದವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ರೈತ ಏನೂ ಕೊಳ್ಳದೆ ಎದ್ದು ಹೋದ ಎಂಬುದು ಮಾತ್ರ ಖರೆ. ಹೋಗುವಾಗ ಎಡಗೋಲಿನದನ್ನೇ ಇಟ್ಟುಕೊಳ್ಳಿರೆಂದು ಸಲಹೆ ಕೊಟ್ಟು ಹೋದ. ಕಾಕಾ ಬಾಗಿಲ ತನಕ ಕುಂಟಿಕೊಂಡು ಹೋಗಿ ಅವನನ್ನು ಕಳಿಸಿ ಬಂದ. ಮುಖ ತೊಳೆದವನಂತೆ ಹೊಳೆಯುತ್ತಿದ್ದ.

"ಇವತ್ತ ತರಕಾರಿಯಾಕಿ ಬಂದು ಹೋದ್ಲು" ಎಂದು ಕಾಕು ನನ್ನ ಕಿವಿಯಲ್ಲಿ ಹೇಳಿದಳು. "ತಲಿ ಎತ್ತಿ ನೋಡ್ಲಿಲ್ಲ ನಿಮ್ಮ ಕಾಕಾ. ಯಾವುದರ ತಗೋರಿ, ಲಗೂ ತಗೋರಿ."

ನನ್ನ ಮತವೂ ಎಡಗಡೆಯದಕ್ಕೇ ಇತ್ತು. ಅದು ಚುರುಕು, ಸತ್ತವನ್ನು ಕೆಳಗೆ ಹಾಕುತ್ತಿತ್ತು, ಸಣ್ಣ ಚಂದಾದಲ್ಲಿಯೇ ಹೆಚ್ಚು ಪುಟ ಹುಡುಕುತ್ತಿತ್ತು. ಇದನ್ನೆಲ್ಲ ಹೇಳಿದೆ.

"ಆಯ್ತು" ಎಂದ ಕಾಕಾ. "ಅವರ ಮನುಷ್ಯಾನ್ನ ಕರಿ. ಭಾವ ಮಾತಾಡೋಣ."

"ಅವರ ಮನುಷ್ಯಾರು ಬರೂದಿಲ್ರಿ. ಭಾವ ಅಲ್ಲೇ ಬರದಾರ. ಕಾರ್ಡಿಲೆ ಕಟ್ಟಬೇಕು."

"ಬರದ ಭಾವ ಯಾರ ಕೊಡ್ತಾರ? ಬರದದ್ದು ಬಾಯಿಮಾತಿಗಿ. ಖರೇ ಭಾವ ಕೈಯಾಗ ಇರ್ತದ. ಅವರದೊಂದು ಕೈ ಕರಸು."

ನಾನು ಆ ಕಂಪನಿಗೆ ಒಂದು ಮೇಲ್ ಬರೆದೆ, ನಿಮ್ಮಿಂದ ಯಾರಾದರೂ ಬರಬಹುದೇ ಎಂದು. ನಿಮ್ಮ ಪ್ರಶ್ನೆ ನಮಗೆ ಮುಖ್ಯ ಎಂಬ ಉತ್ತರ ಆ ಕ್ಷಣವೇ ಬಂತು. ಇನ್ನೊಮ್ಮೆ ಬರೆದೆ. ಅದೇ ಉತ್ತರ, ಅಷ್ಟೇ ಬೇಗ. ಕಾಕನಿಗೆ ಓದಿ ಹೇಳಿದೆ.

"ಕೈ ಇಲ್ಲದವನ ಜೋಡಿ ಸೌದಾ ಹ್ಯಾಂಗ ಮಾಡಲಿ? ಬಲಗೋಲಿನವನ್ನ ಕರಿ."

ಹೀಗೆ ಕೆಟ್ಟ ಡಬ್ಬಿ ಗೆದ್ದಿತು. ಗುಲ್ಬರ್ಗಾದ ಏಜೆಂಟ್ ಮರುವಾರವೇ ಬಂದ. ಕುತ್ತಿಗೆಗೆ ಟೈ, ಹೆಗಲಿಗೆ ಕರಿಯ ಬ್ಯಾಗು, ಮಾತು ಮಾತಿಗೆ ಸರ್. ಕಾಕು ಚುರುಮುರಿಯ ಸುಸಲಾ ಮತ್ತು ಚಹಾ ತಂದಿಟ್ಟಳು. ಅವನು ಬ್ಯಾಗಿನಿಂದ ಬಣ್ಣದ ಹಾಳೆ ತೆಗೆದು ಸಣ್ಣ ಚಂದಾ, ದೊಡ್ಡ ಚಂದಾ ವಿವರಿಸತೊಡಗಿದ. ಕಾಕಾ ಹಾಳೆಯನ್ನು ನೋಡಲಿಲ್ಲ. ಅವನನ್ನು ನೋಡಿದ, ಅವನ ಕೈ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ಏಜೆಂಟನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ಮೇಲೆ ಟವೆಲ್ ಹೊದಿಸಿದ.

ಗೊತ್ತಿಲ್ಲದವರಿಗಾಗಿ ಹೇಳಬೇಕು. ದನದ ಬಜಾರಿನಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಸುತ್ತ ನಿಂತ ಮಂದಿಗೆ ತಿಳಿಯಬಾರದು. ಟವೆಲ್ ಕೆಳಗೆ ಬೆರಳು ಹಿಡಿದು, ಬೆರಳು ಬಿಟ್ಟು, ಅಂಗೈ ಒತ್ತಿ ಬೆಲೆ ಹೇಳುತ್ತಾರೆ. ಎದುರಿನವನು ಒಲ್ಲೆ ಎಂದರೆ ಕೈ ಕೊಡವಿಕೊಳ್ಳುತ್ತಾನೆ. ತಿರುಗಿ ಒತ್ತಿದರೆ ಒಪ್ಪಿದಂತೆ. ಮುಗಿದ ಮೇಲೆ ಸಕ್ಕರೆ ಹಂಚುತ್ತಾರೆ. ಟವೆಲ್ ಕೆಳಗೆ ಆಡಿದ ಬೆಲೆಯನ್ನು ಹೊರಗೆ ಯಾರೂ ಹೇಳುವುದಿಲ್ಲ, ಸಾಯುವ ತನಕ.

ಇದು ನನಗೆ ಗೊತ್ತಿತ್ತು, ಕಾಕುವಿಗೆ ಗೊತ್ತಿತ್ತು. ಏಜೆಂಟನಿಗೆ ಗೊತ್ತಿರಲಿಲ್ಲ. ಅವನು ಹಾಳೆಯ ಮೇಲಿನ ಮಾತನ್ನು ಅಲ್ಲಿಗೇ ನಿಲ್ಲಿಸಿ ಕಾಕನ ಮುಖ ನೋಡಿದ. ಕಾಕಾ ಕಣ್ಣು ಅರೆಮುಚ್ಚಿ ಗೋಡೆಯತ್ತ ನೋಡುತ್ತಿದ್ದ. ಟವೆಲ್ ಕೆಳಗೆ ಏನೋ ಸರಿದಾಡಿತು. ಏಜೆಂಟನ ಮುಖ ಮೆತ್ತಗಾಯಿತು. ಅವನು ಎಡಗೈಯನ್ನೂ ತಂದು ಟವೆಲ್ಲಿನ ಮೇಲಿಟ್ಟು, ಒಳಗಿನ ಕೈಯಿಂದ ಗಟ್ಟಿಯಾಗಿ ಒತ್ತಿದ.

ಕಾಕಾ ಬೆಚ್ಚಿಬಿದ್ದ. ಒಂದೇ ಮಾತಿಗೆ ಯಾರೂ ಒಪ್ಪುವುದಿಲ್ಲ.

"ಆಯ್ತೇನು?" ಎಂದ.

"ಆಯ್ತು ಸರ್" ಎಂದ ಏಜೆಂಟ್.

"ಸಕ್ರಿ ತಾರಬೇ!" ಎಂದು ಕಾಕಾ ಒಳಗೆ ಕೂಗಿದ.

ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಏಜೆಂಟ್ ಹೇಳಿದ: "ಬಹಳ ಪ್ರೀತಿ ಮನುಷ್ಯ ಸರ್ ನಿಮ್ಮ ಕಾಕಾ. ನಮ್ಮ ಅಜ್ಜನೂ ಕೊನೆಕೊನೆಗೆ ಹೀಗೇ ಕೈ ಹಿಡ್ಕೊಂಡು ಕೂತಿರ್ತಿದ್ರು." ಅವನ ಬಸ್ಸು ಹೊರಟಿತ್ತು. ಅವನಿಗೆ ಏನು ವಿವರಿಸಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅದು ತಿರುವು ದಾಟಿತು.

ಕೆಲವು ದಿನಕ್ಕೆ ಅಂಚೆಯಲ್ಲಿ ಬಿಲ್ಲು ಬಂತು. ಸಣ್ಣ ಚಂದಾ, ಹಾಳೆಯಲ್ಲಿ ಬರೆದ ಬೆಲೆ. ಕಾಕಾ ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡ.

"ಮೋಸ" ಎಂದ. "ಕೈಯಾಗ ಒಂದು, ಬಿಲ್ಲಿನ್ಯಾಗ ಒಂದು. ಮಾತಿಗಿ ತಪ್ಪ್ಯಾನ."

"ಕೈಯಾಗ ಎಷ್ಟ ಆಗಿತ್ರಿ ಕಾಕಾ?"

"ಅದನ್ನ ಹ್ಯಾಂಗ ಹೇಳ್ಲಿ? ಟವೆಲ್ ಕೆಳಗಿನ ಮಾತದು."

"ಮತ್ತ ಅವಗ ನಾ ಏನ್ ಹೇಳ್ಲಿ?"

"ಕೈಯಾಗ ಆದದ್ದ ಬರಿ ಅಂತ ಹೇಳು."

ಏಜೆಂಟನಿಗೆ ಫೋನ್ ಮಾಡಿದೆ. ಕೈಯಲ್ಲಿ ಏನಾಗಿತ್ತು ಸರ್, ಎಂದು ಅವನು ನನ್ನನ್ನೇ ಕೇಳಿದ. ಅಷ್ಟರಲ್ಲಿ ಪುಕ್ಕಟೆ ದಿನಗಳು ಮುಗಿಯತೊಡಗಿದ್ದವು. ಎಡಗೋಲಿನ ಡಬ್ಬಿ ಒಂದು ಬೆಳಿಗ್ಗೆ ಬೂದಿಬಣ್ಣಕ್ಕೆ ತಿರುಗಿ ಕೂತುಬಿಟ್ಟಿತು. ಬಲಗೋಲಿನದು ಕುಂಟುತ್ತಿತ್ತು. ಅದೂ ಕೂತರೆ ಹಳೆಯ ಪುಕ್ಕಟೆ ಡಬ್ಬಿ, ಅದರ ಬೆನ್ನಿಗೆ ಟ್ರ್ಯಾಕ್ಟರು. ಟ್ರ್ಯಾಕ್ಟರು ಬಂದರೆ ಕಾಕನ ದಲಾಲಿ ಮುಗಿಯಿತು. ಆ ದಿನ ಕಾಕಾ ಬೆಳಿಗ್ಗೆಯೇ ಕುರ್ಚಿಯನ್ನು ಬಾಗಿಲ ಬಳಿ ಹಾಕಿಕೊಂಡು ಕೂತಿದ್ದ ಎಂದು ಕಾಕು ಫೋನಿನಲ್ಲಿ ಹೇಳಿದಳು. ತರಕಾರಿಯವಳು ಓಣಿಯ ಆ ತುದಿಯಲ್ಲಿ ಕಂಡರೆ ಇಲ್ಲಿಂದಲೇ ಕೈ ಬೀಸುತ್ತಿದ್ದನಂತೆ.

ಏಜೆಂಟನನ್ನು ಮತ್ತೆ ಕರೆಸಿದೆ. ಈ ಸಲ ಟೈ ಇರಲಿಲ್ಲ. ಇತ್ತು ಎನ್ನುತ್ತಾಳೆ ಕಾಕು, ಆದರೆ ಕಿಸೆಯಲ್ಲಿ. ಅವನು ಒಂದು ಮೂಲೆಗೆ ಮುದುಡಿ ಕೂತ. ಕಾಕಾ ಅವನತ್ತ ನೋಡಲೊಲ್ಲ. ಬಜಾರಿನಲ್ಲಿ ಹೀಗೆ ಇಬ್ಬರಲ್ಲಿ ತಕರಾರು ಬಂದರೆ ಮೂರನೆಯ ದಲಾಲಿಯೊಬ್ಬ ಬಂದು ಇಬ್ಬರ ಕೈಯನ್ನೂ ಬೇರೆಬೇರೆಯಾಗಿ ಹಿಡಿದು ಕೇಳುತ್ತಾನೆ. ಕೈಗೆ ಕೈಯಿಂದ ಹೇಳಬಹುದು. ಅದು ಹೊರಗೆ ಹೇಳಿದಂತಲ್ಲ.

"ನನ್ನ ಕೈಯಾಗ ಹೇಳ್ರಿ ಕಾಕಾ" ಎಂದು ನಾನು ಕೈ ಚಾಚಿದೆ.

"ನೀ ದಲಾಲಿ ಎಲ್ಲೀದಿ?"

"ವೆಬ್‌ಸೈಟ್ ಮಾಡಿದಂವ ನಾನ ಅಲ್ಲೇನ್ರಿ?"

ಕಾಕಾ ನನ್ನ ಕೈ ಹಿಡಿದು ಟವೆಲ್ ಹೊದಿಸಿದ. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದ. ನಾನು ಲೆಕ್ಕ ಹಾಕಿದೆ, ತಪ್ಪಿದೆನೆಂದು ತಿಳಿದು ಮತ್ತೊಮ್ಮೆ ಕೇಳಿದೆ. ಮತ್ತೊಮ್ಮೆ ಅದೇ ಬೆರಳು. ಎಷ್ಟೆಂದು ಇಲ್ಲಿಯೂ ಬರೆಯುವಂತಿಲ್ಲ. ಇಷ್ಟು ಹೇಳಬಹುದು: ಅದು ಬಿಲ್ಲಿಗಿಂತ ಕಡಿಮೆ ಇರಲಿಲ್ಲ. ಬಹಳ, ಬಹಳ ಹೆಚ್ಚಿತ್ತು. ಆರು ಹಲ್ಲಿನ ಒಂದು ಒಳ್ಳೆಯ ದೇವಣಿ ಎತ್ತಿನ ಬೆಲೆ.

"ಕಾಕಾ! ಬಿಲ್ಲು ಕಡಿಮಿ ಬಂದದಲ್ರಿ! ಮತ್ತ ಸಿಟ್ಟ್ಯಾಕ?"

"ಅದಕ್ಕ ಸಿಟ್ಟು!" ಎಂದು ಕಾಕಾ ಗುಡುಗಿದ. "ಸೌದಾ ಆದ ಮ್ಯಾಲ ಮಾರೂವ ತಾನಾ ಭಾವ ಇಳಸ್ಯಾನ ಅಂದ್ರ ಏನರ್ಥ? ಮಾಲು ಬದಲ್ ಮಾಡ್ಯಾನ! ತೋರಿಸಿದ್ದು ಒಂದು, ಕಟ್ಟಿದ್ದು ಒಂದು. ಕುಂಟ ಎತ್ತು ಕಟ್ಟಿ ಹೋಗ್ಯಾನ. ಡಬ್ಬಿ ಆವತ್ತಿನಿಂದ ಕುಂಟಾಕತ್ತದೋ ಇಲ್ಲೋ ನೀನ ಹೇಳು!"

"ಮೊದಲಿಂದೂ ಕುಂಟ್ತಿತ್ರಿ" ಎಂದೆ.

ಏಜೆಂಟ್ ನನ್ನತ್ತ ಬಾಗಿ ಪಿಸುಗುಟ್ಟಿದ: "ಸರ್, ಜಾಸ್ತಿ ಕೊಡ್ತೀನಿ ಅಂತಿದಾರಾ?"

"ಅಂತಿಲ್ಲ. ಕೊಡಲೇಬೇಕು ಅಂತ ಕುಂತಾರ."

"ಸರ್, ನಮ್ಮ ಸಿಸ್ಟಮ್ ಜಾಸ್ತಿ ತಗೊಳಲ್ಲ ಸರ್. ದೊಡ್ಡ ಚಂದಾ ಹಾಕಿದ್ರೂ ಉಳಿಯತ್ತೆ."

ಪರಿಸ್ಥಿತಿ ಹೀಗೆ ನಿಂತಿತು. ಕೊಳ್ಳುವವನು ಕಡಿಮೆ ಕೊಡಲೊಲ್ಲ, ಮಾರುವವನು ಹೆಚ್ಚು ತೆಗೆದುಕೊಳ್ಳಲಾರ. ನಾನು ಇಬ್ಬರ ನಡುವೆ ಕೂತು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ. ಹಲ್ಲಿ ಇತ್ತೆಂದು ಆಣೆ ಮಾಡಲಾರೆ, ಆದರೆ ಬೇರೆ ಏನನ್ನು ನೋಡಿದೆನೋ ನೆನಪಿಲ್ಲ.

ಆಗ ಕಾಕು ಬಂದಳು. ಕೈಯಲ್ಲಿ ಹಿಟ್ಟಿತ್ತು. ಬಾಗಿಲಲ್ಲೇ ನಿಂತು ಏಜೆಂಟನನ್ನು ಕೇಳಿದಳು:

"ಏನಪಾ, ನಿಮ್ಮ ಡಬ್ಬಿ ಮಾರಿಕೊಟ್ಟವರಿಗಿ ದಲಾಲಿ ಕೊಡ್ತೀರೋ ಇಲ್ಲೋ?"

"ಕಮಿಷನ್ ಇದೆ ಮೇಡಂ. ಯಾರಾದ್ರೂ ಗಿರಾಕಿ ತಂದ್ರೆ."

"ಇವರು ಗಿರಾಕಿ ತಂದಾರಲ್ಲ."

"ಯಾರನ್ನ ಮೇಡಂ?"

"ಇವರನ್ನ" ಎಂದು ಹಿಟ್ಟಿನ ಕೈಯಿಂದ ಕಾಕನನ್ನು ತೋರಿಸಿದಳು. "ಸೌದಾ ಮಾಡಿಸಿದವರು ಯಾರು? ಇವರ. ಇವರು ಕೈಯಾಗ ಆದಷ್ಟು ಕೊಡ್ಲಿ. ನಿಮ್ಮ ಬಿಲ್ಲಿಂದು ಇಟ್ಕೊಂಡು ಮ್ಯಾಲಿಂದು ಇವರಿಗಿ ದಲಾಲಿ ಅಂತ ಕೊಟ್ಬಿಡು. ಮಾತೂ ಉಳೀತದ, ರೊಕ್ಕಾನೂ ಉಳೀತದ."

ಕಾಕಾ ಮೇಲೆ ನೋಡಿದ, ಕೆಳಗೆ ನೋಡಿದ. ಈ ವ್ಯವಹಾರದಲ್ಲಿ ತಪ್ಪು ಹುಡುಕುತ್ತಿದ್ದ, ಸಿಗಲಿಲ್ಲ. ದಲಾಲಿ ಆತನ ಹಕ್ಕು. ಹಕ್ಕಿನದನ್ನು ಬಿಟ್ಟುಕೊಡುವುದು ರೂಢಿಯಲ್ಲ.

"ಆದ್ರ ದಲಾಲಿ ಜಾಸ್ತಿ ಆಗ್ತದ" ಎಂದ, ಬಹಳ ಸಣ್ಣ ದನಿಯಲ್ಲಿ.

"ಗಿರಾಕಿ ಅಂಥಾಂವ ಇದ್ದಾನ" ಎಂದಳು ಕಾಕು. "ಭಾಳ ಜಿದ್ದಿನಾಂವ. ಅಂಥಾವನ್ನ ಒಪ್ಪಸೂದಂದ್ರ ಸಣ್ಣ ಕೆಲಸ ಏನು?"

ಕಾಕಾ ರೊಕ್ಕ ತಂದು ಏಜೆಂಟನ ಕೈಗಿಟ್ಟ. ಏಜೆಂಟ್ ಬಿಲ್ಲಿನಷ್ಟು ತೆಗೆದುಕೊಂಡು ಉಳಿದದ್ದನ್ನು ಕಾಕನ ಕೈಗಿಟ್ಟ. ಕಾಕಾ ಅದನ್ನು ಕಣ್ಣಿಗೊತ್ತಿಕೊಂಡ, ಬಜಾರಿನಲ್ಲಿ ಮಾಡುವಂತೆಯೇ. ಮೊಳಕಾಲು ಹೋದ ಮೇಲೆ ಆತನ ಕೈಗೆ ಬಂದ ಮೊದಲ ದಲಾಲಿ, ನಿಂಬೆಹಣ್ಣು ಬಿಟ್ಟರೆ. ಮತ್ತೆ ಸಕ್ಕರೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಸುಖವಾದ ಮುಕ್ತಾಯವಾಗುತ್ತದೆ. ಆದರೆ ಆ ಚಂದಾದಿಂದ ಒಂದೇ ಒಂದು ಎತ್ತು ಮಾರಾಟವಾಯಿತೆಂದು ನನಗೆ ನೆನಪಿಲ್ಲ. ಆದದ್ದು ಬೇರೆ. ಮರುದಿನವೇ ಕಾಕಾ ನನಗೆ ಫೋನ್ ಮಾಡಿದ. "ಬೀಜದ ಅಂಗಡಿಯವನ ವೆಬ್‌ಸೈಟ್ ನೀನ ಮಾಡಿದ್ದಲ್ಲಾ? ಅದರಾಗ ಹುಡುಕೂ ಡಬ್ಬಿ ಅದೇನು?" ಇಲ್ಲವೆಂದೆ. ಬೀಜದ ಅಂಗಡಿಯವನು ಆ ವಾರ ಕಾಕನ ಪಡಸಾಲೆಗೆ ಬಂದು ಕೂತಿದ್ದ. ಅವನ ಹಿಂದೆ ಲಾಡ್ಜಿನವನು, ಲಾಡ್ಜಿನವನ ಹಿಂದೆ ಮಂಟಪದವನು. ಪರದೆಯ ಮೇಲೆ ಕಾಕನ ಎತ್ತುಗಳು ಸಾಲಾಗಿ ಬಂದು ನಿಲ್ಲುವುದನ್ನು ನೋಡಿ, ಟವೆಲ್ ಕೆಳಗೆ ಕೈ ಕೊಟ್ಟು, ಸಕ್ಕರೆ ತಿಂದು ಹೋದರು. ಮಂಟಪದವನ ಸೈಟಿನಲ್ಲಿ ಇದ್ದದ್ದು ಒಟ್ಟು ಮೂರೇ ಪುಟ; ಅದರಲ್ಲಿ ಅವನು ಏನು ಹುಡುಕಿದನೋ ತಿಳಿಯದು. ಏಜೆಂಟ್ ಅವರಿಗೆ ಡಬ್ಬಿ ಮಾರಲು, ಕಾಕನಿಗೆ ದಲಾಲಿ ಕೊಡಲು ಗುಲ್ಬರ್ಗಾದಿಂದ ಮತ್ತೆ ಮತ್ತೆ ಬರತೊಡಗಿದ. ಒಂದು ಸಲ ಅವನ ಹೆಗಲ ಮೇಲೆ ಹೊಸ ಟವೆಲ್ ಕಂಡಂತೆ ನೆನಪು. ನೆನಪು ಹೇಳಿದ್ದನ್ನು ನಾನು ಅಷ್ಟಕ್ಕೇ ಬಿಡುತ್ತೇನೆ.

ತರಕಾರಿಯವಳು ಮಾತ್ರ ಒಮ್ಮೆ ಕಾಕುವನ್ನು ಕೇಳಿದಳಂತೆ, ಸಾಹುಕಾರರಿಗೆ ಆರಾಮಿಲ್ಲೇನು, ಮಾತಾಡವಲ್ರು ಎಂದು.

ಈ ಗಡಿಬಿಡಿಯಲ್ಲಿ ಕಾಕಾ ತನ್ನ ಸ್ವಂತ ಚಂದಾ ಮುಂದುವರಿಸುವುದನ್ನೇ ಮರೆತ. ಒಂದು ಮಧ್ಯಾಹ್ನ ನಾನು ಹುಮನಾಬಾದಿಗೆ ಹೋದಾಗ ಆತನ ಸೈಟಿನ ಬಲಗೋಲಿನ ಡಬ್ಬಿಯೂ ಬೂದಿಬಣ್ಣಕ್ಕೆ ತಿರುಗಿತ್ತು. ಹಳೆಯ ಪುಕ್ಕಟೆ ಡಬ್ಬಿಯನ್ನು ಮತ್ತೆ ಹಚ್ಚಿದೆ. ಬಿಳಿ ಎತ್ತುಗಳು ಬಂದವು, ಸತ್ತವು ಮುಂದೆ, ಬದುಕಿದವು ಹಿಂದೆ. ಅವುಗಳ ಪಕ್ಕದಲ್ಲಿ ಕೆಂಪು ಟ್ರ್ಯಾಕ್ಟರು.

ಕಾಕಾ ಕನ್ನಡಕ ಹಾಕಿಕೊಂಡು ಹತ್ತಿರ ಬಂದ. ನಾನು ಕಂಪ್ಯೂಟರಿನ ತಂತಿ ಕೀಳಲು ಸಿದ್ಧನಾಗಿ ನಿಂತೆ. ಆಮೇಲಿನ ಮಾತು ತನ್ನದು ಎನ್ನುತ್ತಾಳೆ ಕಾಕು; ಅಡಿಗೆಮನೆಯಿಂದ ಕೂಗಿ ಹೇಳಿದ್ದೇ ತಾನಂತೆ. ಒಮ್ಮೆ ಅವಳ ಬಾಯಲ್ಲಿ ಇಟ್ಟು ಬರೆದೆ, ಒಮ್ಮೆ ಕಾಕನ ಬಾಯಲ್ಲಿ. ಎರಡರಲ್ಲೂ ಮಾತು ಅದೇ ಇತ್ತು:

"ಈ ಟ್ರ್ಯಾಕ್ಟರಿನವನ ಕಡೆ ವೆಬ್‌ಸೈಟ್ ಅದೇನು ಕೇಳು. ಅದರಾಗ ಡಬ್ಬಿ ಅದೋ ಇಲ್ಲೋ ನೋಡು."